ಅಮ್ಮನ ಸಹಿ ಮೊದಲು

ನಮ್ಮನೆಯಲ್ಲಿ ಯಾವ ಕಾಗದವೇ ಆಗಲಿ, ಮೊದಲು ಅಮ್ಮ ಸಹಿ ಹಾಕಬೇಕು, ಆಮೇಲೆ ಅಪ್ಪ. ಬಾಡಿಗೆ ಕರಾರು, ಬ್ಯಾಂಕಿನ ಫಾರಂ, ನನ್ನ ಶಾಲೆಯ ಈಜು ತರಗತಿಯ ಚೀಟಿ, ಎಲ್ಲಕ್ಕೂ ಅದೇ ಕಾನೂನು. ಇದನ್ನು ಕಂಡ ಪರಿಚಯದವರು "ಎಷ್ಟು ಗೌರವ ನೋಡಿ ಹೆಂಡ್ತಿ ಮೇಲೆ" ಅನ್ನುತ್ತಿದ್ದರು. ಗೌರವ ಎಲ್ಲಿಂದ ಬಂತು, ಅದು ಜಗಳದಿಂದ ಹುಟ್ಟಿದ ಕಾನೂನು. ಮೈಸೂರಿನಲ್ಲಿ ಅಮ್ಮ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು, ಅಪ್ಪ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಒಂದು ದಿನ ಅಪ್ಪ ಅವಳಿಗೆ ಹೇಳದೆ ಕೇಳದೆ ರಾಜೀನಾಮೆ ಪತ್ರಕ್ಕೆ ಸಹಿ ಹಾಕಿ ಬಂದು, ನ್ಯೂಜಿಲೆಂಡಿಗೆ ಹೋಗೋಣ ಅಂದ. ಅಮ್ಮ ಬಂದಳು, ಬರದೆ ಎಲ್ಲಿ ಹೋಗುತ್ತಾಳೆ. ಆದರೆ ವಿಮಾನದಲ್ಲೇ ಅವನಿಂದ ಮಾತು ತೆಗೆದುಕೊಂಡಳಂತೆ.

"ಇನ್ಮೇಲೆ ನನ್ನ ಸಹಿ ಇಲ್ದೆ ನಿಮ್ಮ ಸಹಿ ಬೀಳಕೂಡ್ದು. ಇನ್ನೊಂದು ಸಲ ಹೀಗೆ ಮಾಡಿದ್ರೆ ನಾನು ಕ್ಷಮಿಸಲ್ಲ."

ಕೆಳಗೆ ಸಮುದ್ರ, ಪಕ್ಕದಲ್ಲಿ ಅಮ್ಮ. ಅಪ್ಪ ಒಪ್ಪಿಕೊಂಡ. ಆಗ ನನಗೆ ವರ್ಷವೂ ತುಂಬಿರಲಿಲ್ಲ, ಅಣ್ಣ ಪ್ರಮೋದನಿಗೆ ಆರು. ಇದೆಲ್ಲ ನನಗೆ ಅವನೇ ಹೇಳಿದ್ದು. ಅಮ್ಮ ಕನ್ನಡದಲ್ಲೇ ಸಹಿ ಹಾಕುತ್ತಿದ್ದಳು, ವಿಶಾಲಾಕ್ಷಿ ಅಂತ, ದುಂಡಗೆ. ಅದರ ಕೆಳಗೆ ಅಪ್ಪನದು ಇಂಗ್ಲಿಷಿನಲ್ಲಿ, ಓಡಿಹೋಗುವ ಹಾಗೆ. ಮೇಲೆ ಆ ದುಂಡನೆಯ ಹೆಸರು ಕಂಡರೆ ಸಾಕು, ಕಾಗದದಲ್ಲಿ ಏನು ಬರೆದಿದೆ ಅಂತ ಕೂಡ ಓದದೆ ಅಪ್ಪ ಸಹಿ ಹಾಕಿಬಿಡುತ್ತಿದ್ದ.

ನಾವಿದ್ದದ್ದು ಒನೆಹುಂಗಾ ಅನ್ನುವ ಬಡಾವಣೆಯಲ್ಲಿ, ಅಂಗಡಿ ಬೀದಿಯಿಂದ ಎರಡು ತಿರುವು ಆಚೆ, ಹಲಗೆ ಗೋಡೆಯ ಬಾಡಿಗೆ ಮನೆ. ಚಳಿಗಾಲದಲ್ಲಿ ಒಳಗಿಗಿಂತ ಹೊರಗೇ ಬೆಚ್ಚಗಿರುತ್ತಿತ್ತು ಅಂದರೆ ನಗಬೇಡಿ, ನಿಜ. ಬಟ್ಟೆ ಒಣಗುತ್ತಿರಲಿಲ್ಲ, ಉಪ್ಪು ಉದುರುತ್ತಿರಲಿಲ್ಲ, ಗೋಡೆಯ ಮೂಲೆಗಳಲ್ಲಿ ಕಪ್ಪು ಬೂಷ್ಟು. ಮನೆಯಲ್ಲಿ ಬೆಚ್ಚಗಿದ್ದದ್ದು ಎರಡೇ ಜಾಗ. ಒಂದು, ಬಿಸಿನೀರಿನ ಸಿಲಿಂಡರ್ ಇದ್ದ ಗೋಡೆ ಬೀರು. ಅದರ ಮೇಲಿನ ಹಲಗೆಯಲ್ಲಿ ದೇವರು, ಕೆಳಗೆ ಸಿಲಿಂಡರಿಗೆ ಒತ್ತಿಕೊಂಡು ಮೊಸರಿನ ಪಾತ್ರೆ. ಬೇರೆ ಎಲ್ಲಿಟ್ಟರೂ ಹಾಲು ಹೆಪ್ಪಾಗುತ್ತಿರಲಿಲ್ಲ. ಅಮ್ಮ ಬೆಳಿಗ್ಗೆ ಬೀರುವಿನ ಬಾಗಿಲು ತೆಗೆದು ಮೊದಲು ಕೈ ಮುಗಿದು, ಆಮೇಲೆ ಬಗ್ಗಿ ಮೊಸರು ನೋಡುತ್ತಿದ್ದಳು. ಇನ್ನೊಂದು ಬೆಚ್ಚನೆಯ ಜಾಗ ಅಣ್ಣನ ರೂಮು. ಈ ದೇಶದಲ್ಲಿ ಸೂರ್ಯ ಉತ್ತರದ ಕಡೆಯಿಂದ ಬರುತ್ತಾನೆ, ಅವನ ಕಿಟಕಿ ಉತ್ತರಕ್ಕೆ. ದಕ್ಷಿಣದ ಕಡೆಯ ರೂಮು ನನ್ನದು, ನನ್ನ ಹಾಸಿಗೆ ಯಾವಾಗಲೂ ಒದ್ದೆ ಒದ್ದೆ. ಹನ್ನೆರಡು ವರ್ಷದ ನನಗೆ ಜಗತ್ತಿನಲ್ಲಿ ಬೇಕಾಗಿದ್ದದ್ದು ಒಂದೇ, ಆ ಉತ್ತರದ ರೂಮು. ಇದನ್ನು ಮುಚ್ಚಿಟ್ಟು ಈ ಕಥೆ ಬರೆಯಲು ಆಗುವುದಿಲ್ಲ, ಅದಕ್ಕೇ ಈಗಲೇ ಹೇಳಿಬಿಟ್ಟೆ.

ಗಣಿತದ ಟೀಚರಮ್ಮ ಇಲ್ಲಿ ಪಕ್ಕದ ಪೆನ್‌ರೋಸಿನ ಒಂದು ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದಳು. ನಾವು ಏಳುವ ಹೊತ್ತಿಗೆ ಹೊರಟುಹೋಗಿರುತ್ತಿದ್ದಳು. ಶಾಲೆಯ ಚೀಟಿಗಳು ನನಗೆ ನೆನಪಾಗುತ್ತಿದ್ದದ್ದು ಶೂ ಹಾಕಿಕೊಳ್ಳುವಾಗ. ಎರಡು ಸಲ ಕ್ಯಾಂಪ್ ತಪ್ಪಿ ಅತ್ತ ಮೇಲೆ ಅಮ್ಮ ಒಂದು ಭಾನುವಾರ ನನ್ನನ್ನು ಅಡುಗೆಮನೆ ಟೇಬಲ್ಲಿನ ಹತ್ತಿರ ಕೂರಿಸಿಕೊಂಡಳು.

"ಬಾ ಇಲ್ಲಿ, ನಾನೇ ಕಲಿಸ್ತೀನಿ. ಶಾಲೆ ಚೀಟಿಗೆ ಮಾತ್ರ, ಆಯ್ತಾ? ಬೇರೆ ಯಾವ್ದಕ್ಕೂ ಇಲ್ಲ."

ನನ್ನ ಕೈ ಮೇಲೆ ಕೈಯಿಟ್ಟು ಬರೆಸಿದಳು. ಕನ್ನಡದಲ್ಲಿ ನಾನು ನೆಟ್ಟಗೆ ಬರೆಯಲು ಕಲಿತ ಮೊದಲ ಶಬ್ದ ಅದೇ. ಅವಳ ಕೈಯಿಂದ ಹಿಂದಿನ ದಿನದ ರಟ್ಟಿನ ಡಬ್ಬದ ವಾಸನೆ ಬರುತ್ತಿತ್ತು. ಹತ್ತು ಸಲ ಬರೆದ ಮೇಲೆ ಯಾವುದು ಅವಳದು, ಯಾವುದು ನನ್ನದು ಅಂತ ಇಬ್ಬರಿಗೂ ಹೇಳಲಾಗಲಿಲ್ಲ. ಅಮ್ಮ ನಕ್ಕು "ಶಭಾಷ್" ಅಂದಳು. ಅಪ್ಪನಿಗೆ ಇದನ್ನು ಹೇಳುವ ಗೋಜಿಗೆ ಇಬ್ಬರೂ ಹೋಗಲಿಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅನ್ನುತ್ತಾರೆ. ನಮ್ಮನೆಯವರು ಉಂಡು, ಮಲಗಿ, ಎದ್ದು, ಮತ್ತೆ ಉಂಡರೂ ಅದು ಮುಗಿಯುತ್ತಿರಲಿಲ್ಲ. ಇಬ್ಬರೂ ಕೂಗಾಡುವವರಲ್ಲ, ಮಾತು ಬಿಡುವವರು. ಒಂದು ಸಲ ಮಾತು ಬಿಟ್ಟರೆ ವಾರ, ಎರಡು ವಾರ. ಆದರೆ ಸಂಸಾರ ನಡೆಯಬೇಕಲ್ಲ, ಅದಕ್ಕೆ ನಾನಿದ್ದೆ. ಒಂದೇ ಟೇಬಲ್ಲಿನ ಆ ತುದಿ ಈ ತುದಿಯಲ್ಲಿ ಕೂತು ನನ್ನ ಮೂಲಕ ಮಾತಾಡುತ್ತಿದ್ದರು.

"ಪುಟ್ಟಿ, ನಿಮ್ಮಪ್ಪಂಗೆ ಹೇಳು, ಹುಳಿ ತಣ್ಣಗಾಗ್ತಿದೆ ಅಂತ."

"ಪುಟ್ಟಿ, ನಿಮ್ಮಮ್ಮಂಗೆ ಹೇಳು, ನಂಗೆ ಕಿವಿ ಕೇಳ್ಸತ್ತೆ ಅಂತ."

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುವ ಗಾದೆ ನಮ್ಮನೆಯಲ್ಲಿ ಉಲ್ಟಾ ಆಗಿತ್ತು. ಕೂಸು ದಪ್ಪಗಾಗಿತ್ತು. ಯಾರ ಮಾತನ್ನು ಹೇಗೆ ಮುಟ್ಟಿಸಬೇಕು, ಯಾವುದನ್ನು ಸಿಹಿ ಮಾಡಬೇಕು, ಯಾವುದನ್ನು ನುಂಗಬೇಕು ಅನ್ನುವುದು ನನ್ನ ಕೈಯಲ್ಲಿತ್ತು. ಆ ಅಧಿಕಾರ ನನಗೆ ತುಂಬ ಇಷ್ಟವಾಗಿತ್ತು.

ಪಕ್ಕದ ಮನೆಯಲ್ಲಿ ವಿಲ್ಫ್ ಅನ್ನುವ ಮುದುಕ ಒಬ್ಬನೇ ಇದ್ದ. ಇಂಗ್ಲೆಂಡಿನಲ್ಲಿ ಹುಟ್ಟಿದವನು, ಯುದ್ಧ ಮುಗಿದ ಮೇಲೆ ತಾಯಿಯ ಜೊತೆ ಇಲ್ಲಿಗೆ ಬಂದವನು. ನಮಗೆ ವಿಲ್ಫ್ ಅಂಕಲ್. ಅಮ್ಮ ಬೇಲಿಯ ಮೇಲಿಂದ ಅವನಿಗೆ ಉಪ್ಪಿಟ್ಟು ಕೊಡುತ್ತಿದ್ದಳು, ಅವನು ನಿಂಬೆಹಣ್ಣು ಕೊಡುತ್ತಿದ್ದ. ಯುದ್ಧಕ್ಕೆ ಹೋದವರನ್ನು ನೆನೆಯುವ ಆನ್‌ಜಾಕ್ ದಿನಕ್ಕೆ ಮುಂಚೆ ಅಣ್ಣ ಅವನ ಪದಕಗಳನ್ನು ಉಜ್ಜಿಕೊಡಲು ಹೋಗುತ್ತಿದ್ದ. ಹದಿನೇಳಕ್ಕೆ ಯುದ್ಧಕ್ಕೆ ಹೋದ ವಿಲ್ಫ್ ಅಣ್ಣನಿಗೆ ಹೇಳುತ್ತಿದ್ದದ್ದು ಹಡಗು, ಗೆಳೆಯರು, ಎಂದೂ ನೋಡದ ಬಂದರುಗಳ ಕಥೆ. ಪರೀಕ್ಷೆಗಳಲ್ಲಿ ಸೋಲುತ್ತಾ, "ನಿಮ್ಮ ಮಗ ಮುಂದೇನು" ಅಂತ ಕೇಳುವ ಅಂಕಲ್ ಆಂಟಿಯರ ಮಧ್ಯೆ ತಲೆ ತಗ್ಗಿಸಿ ಕೂರುತ್ತಿದ್ದ ಅಣ್ಣನಿಗೆ ಅದು ಅಮೃತದ ಹಾಗೆ ಇಳಿಯಿತು. ಅದೇ ವಿಲ್ಫ್ ಅಮ್ಮನಿಗೆ ಬೇಲಿಯ ಹತ್ತಿರ ಬೇರೆ ಕಥೆ ಹೇಳಿದ. ವಯಸ್ಸು ಸಾಲದ್ದಕ್ಕೆ ಅವನ ತಾಯಿ ಒಪ್ಪಿಗೆಯ ಸಹಿ ಹಾಕಿದ್ದಳಂತೆ. ಮುಂದಿನ ವರ್ಷ ಅವನ ತಮ್ಮನೂ ಹಟ ಹಿಡಿದ, ಅವನಿಗೂ ಹಾಕಿದಳು. ತಮ್ಮ ವಾಪಸು ಬರಲಿಲ್ಲ.

"ಆಮೇಲೆ ನಮ್ಮಮ್ಮ ಪೆನ್ನು ಮುಟ್ಟಲೇ ಇಲ್ಲ," ಅಂದ ವಿಲ್ಫ್. "ಪೋಸ್ಟ್‌ಮ್ಯಾನ್ ರಸೀದಿ ತಂದರೂ ನಾನೇ ಹೋಗಿ ಸಹಿ ಹಾಕಬೇಕಿತ್ತು. ಮೂವತ್ತು ವರ್ಷ."

ಅಮ್ಮ ಉಪ್ಪಿಟ್ಟಿನ ಡಬ್ಬಿ ಹಿಡಿದುಕೊಂಡೇ ನಿಂತಿದ್ದಳು. ಕೊಡುವುದನ್ನು ಮರೆತು ಹಾಗೇ ಒಳಗೆ ಬಂದಳು.

ಹದಿನೇಳು ತುಂಬಿ ನಾಲ್ಕು ತಿಂಗಳಿಗೆ ಅಣ್ಣ ಸೈನ್ಯದ ಅರ್ಜಿ ತಂದ. ಹದಿನೆಂಟು ತುಂಬದವರಿಗೆ ಹೆತ್ತವರಲ್ಲಿ ಒಬ್ಬರಾದರೂ ಒಪ್ಪಿಗೆಯ ಸಹಿ ಹಾಕಬೇಕು. ಅವನು ಅದನ್ನು ಊಟದ ಟೇಬಲ್ಲಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ ಇಟ್ಟ. ಅಪ್ಪ ಓದಿದ, ಅಮ್ಮ ಓದಲಿಲ್ಲ.

"ನಾನು ಹಾಕಲ್ಲ. ತೆಗಿ ಅದನ್ನ ಇಲ್ಲಿಂದ."

"ಅಮ್ಮ, ಪ್ಲೀಸ್. ಟ್ರೇಡ್ ಕಲಿಸ್ತಾರೆ, ಮೆಕ್ಯಾನಿಕ್ ಆಗ್ತೀನಿ. ಇಲ್ಲಿ ನಾನೇನ್ ಮಾಡ್ಲಿ, ಹೇಳು. ಐ ಆ್ಯಮ್ ನೋ ಗುಡ್ ಹಿಯರ್."

"ವಿಶಾಲು," ಅಂದ ಅಪ್ಪ, "ಇನ್ನೆಂಟು ತಿಂಗಳಿಗೆ ಹದಿನೆಂಟು. ಆಗ ನಮ್ಮ ಸಹಿ ಯಾರಿಗೆ ಬೇಕು? ಅವ್ನೇ ಹೋಗ್ತಾನೆ."

"ಹಾಗಾದ್ರೆ ಆ ಎಂಟು ತಿಂಗಳು ನನ್ನ ಹತ್ರ ಇರ್ಲಿ. ನಾನು ಕೇಳ್ತಿರೋದು ಅಷ್ಟೇ. ಅಷ್ಟೂ ಜಾಸ್ತಿ ಆಯ್ತಾ?"

ಅಪ್ಪ ಏನೋ ಹೇಳಿದ, ಅಮ್ಮ ರಾಜೀನಾಮೆ ಪತ್ರದ ಹಳೆಯ ಮಾತು ತೆಗೆದಳು, ಅಲ್ಲಿಗೆ ಇಬ್ಬರೂ ಮಾತು ಬಿಟ್ಟರು. ಆ ಸಲ ಮೌನ ಹಿಂದೆಂದಿಗಿಂತ ದಟ್ಟವಾಗಿತ್ತು. ನಾನು ಅತ್ತಿಂದಿತ್ತ ಓಡಾಡಿದೆ.

ನಾಲ್ಕನೇ ದಿನ ಶಾಲೆ ಮುಗಿಸಿ ಬಂದಾಗ ಅಣ್ಣ ತನ್ನ ರೂಮಿನಲ್ಲಿ ಕೂತಿದ್ದ. ಮಧ್ಯಾಹ್ನದ ಬಿಸಿಲು ಕಾರ್ಪೆಟ್ಟಿನ ಮೇಲೆ ಹಾಸಿಕೊಂಡಿತ್ತು. ನಾನು ಬೆಕ್ಕಿನ ಹಾಗೆ ಹೋಗಿ ಆ ಬಿಸಿಲಲ್ಲಿ ಕೂತೆ. ಅವನ ತೊಡೆಯ ಮೇಲೆ ಅರ್ಜಿ.

"ಹರಿದು ಹಾಕ್ತೀನಿ ಪುಟ್ಟಿ. ಅಮ್ಮ ಹಾಕಲ್ಲ, ಅಮ್ಮ ಹಾಕ್ದೆ ಅಪ್ಪ ಹಾಕಲ್ಲ. ಲೀವ್ ಇಟ್."

ಅವನು ನನ್ನನ್ನು ಕೇಳಲಿಲ್ಲ. ಇದನ್ನು ನಾನು ಎಷ್ಟೋ ವರ್ಷ ನನ್ನ ಮನಸ್ಸಿನೊಳಗೇ ಬೇರೆ ಥರ ತಿದ್ದಿಕೊಂಡಿದ್ದೆ, ಅವನೇ ಗೋಗರೆದ ಅಂತ, ನನಗೆ ಅಯ್ಯೋ ಅನ್ನಿಸಿತು ಅಂತ. ಸುಳ್ಳು. ನಾನೇ ಹೇಳಿದೆ.

"ನಾನು ಹಾಕ್ಲಾ? ನೀನು ಹೋದ್ರೆ ಈ ರೂಮ್ ನಂಗೆ ತಾನೆ?"

ಅವನು ನನ್ನನ್ನೇ ನೋಡಿದ. ಆಮೇಲೆ ಜೋರಾಗಿ ನಕ್ಕ.

"ರೂಮೂ ನಿಂದೆ, ಹೀಟರೂ ನಿಂದೆ, ಹೋಗು."

ಅವನು ತಮಾಷೆ ಮಾಡಿದ್ದೋ ನಿಜಕ್ಕೂ ಹೇಳಿದ್ದೋ ಅಂತ ಯೋಚಿಸುವಷ್ಟು ಹೊತ್ತು ನಾನು ಬಿಡಲಿಲ್ಲ. ಪೆನ್ನು ತೆಗೆದುಕೊಂಡು ಬರೆದೆ, ದುಂಡಗೆ. ಅಪ್ಪ ಕೆಲಸದಿಂದ ಬಂದು ಕಾಫಿ ಕುಡಿಯುತ್ತಿದ್ದಾಗ ನಾನೇ ಅರ್ಜಿ ಅವನ ಮುಂದೆ ಹಿಡಿದೆ. ಅಮ್ಮ ಹಿತ್ತಿಲಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಮಧ್ಯೆ ಒಂದು ಗಾಜಿನ ಬಾಗಿಲು, ಅಷ್ಟೇ. ಅಪ್ಪ ಸಹಿ ನೋಡಿದ. ಯಾವತ್ತೂ ಕೇಳದವನು ಅವತ್ತು ಕೇಳಿದ.

"ಅಮ್ಮ ಹಾಕಿದ್ಳಾ?"

"ಹೂಂ. ಹಾಕಿ ನಿಂಗೆ ಕೊಡು ಅಂದ್ಳು. ಮತ್ತೆ ಆ ವಿಷ್ಯ ಎತ್ತೋದು ಬೇಡ್ವಂತೆ."

ಆ ಕೊನೆಯ ಮಾತು ಯಾರೂ ನನಗೆ ಹೇಳಿಕೊಟ್ಟದ್ದಲ್ಲ. ದೂತಿಯ ಕೆಲಸದಲ್ಲಿ ನನಗೆ ಅಷ್ಟು ಕೈ ಪಳಗಿತ್ತು. ಅಪ್ಪ ಗಾಜಿನ ಬಾಗಿಲಿಂದ ಅಮ್ಮನನ್ನೇ ಸ್ವಲ್ಪ ಹೊತ್ತು ನೋಡಿದ. ಅವಳು ಬೆನ್ನು ಮಾಡಿಕೊಂಡು ಟವೆಲ್ ಮಡಿಸುತ್ತಿದ್ದಳು. ಅವನು ಕಣ್ಣೊರೆಸಿಕೊಂಡು ಅವಳ ಹೆಸರಿನ ಕೆಳಗೆ ಸಹಿ ಹಾಕಿದ.

ಅಣ್ಣ ಆಯ್ಕೆಯಾದ ಕಾಗದ ಬಂದಾಗ ಅಮ್ಮ ಕೇಳಿದ್ದು ಅವನನ್ನು ಮಾತ್ರ.

"ಯಾರು ಹಾಕಿದ್ದು ಸಹಿ?"

"ಅಪ್ಪ," ಅಂದ ಅಣ್ಣ. ಅದು ಸುಳ್ಳೇನಲ್ಲ.

ಅಮ್ಮ ನನ್ನ ಕಡೆ ತಿರುಗಿದಳು. "ನಿಮ್ಮಪ್ಪಂಗೆ ಹೇಳು. ಎರಡನೇ ಸಲ ಅಂತ. ಅಷ್ಟೇ ಹೇಳು, ಅವ್ರಿಗೆ ಗೊತ್ತಾಗತ್ತೆ."

ನಾನು ಅಪ್ಪನ ಹತ್ತಿರ ಹೋದೆ. ಅಣ್ಣನಿಗೆ ಉಣ್ಣೆಯ ಕಾಲುಚೀಲ ತರಬೇಕಂತೆ, ಅಮ್ಮ ಹೇಳಿದಳು, ಅಂದೆ. ಅಪ್ಪ ಅವತ್ತೇ ಹೋಗಿ ಆರು ಜೊತೆ ತಂದ. ಅಮ್ಮ ಅವನ್ನು ನೋಡಿ, ಮಾಡಿದ್ದಕ್ಕೆ ಇದೊಂದು ಪರಿಹಾರವೇ ಅನ್ನುವ ಹಾಗೆ ಮುಖ ಮಾಡಿದಳು. ಅಣ್ಣ ಹೊರಟ. ಕೆಲವು ವಾರದ ಮೇಲೆ ಅವರಿಬ್ಬರೂ ಹಾಲು, ಬಿಲ್ಲು, ಕಾರಿನ ರಿಪೇರಿ ಅಂತ ಮಾತಾಡತೊಡಗಿದರು. ಆ ಒಂದು ವಿಷಯ ಮಾತ್ರ ಎತ್ತಲಿಲ್ಲ. ಅಪ್ಪ ಎತ್ತದಿದ್ದದ್ದು ಅಮ್ಮನ ಅಪ್ಪಣೆ ಅಂತ. ಅಮ್ಮ ಎತ್ತದಿದ್ದದ್ದು, ಮಾತು ತಪ್ಪಿದವನ ಹತ್ತಿರ ಇನ್ನೇನು ಮಾತು ಅಂತ.

ಅಣ್ಣನಿಗೆ ಹದಿನೆಂಟು ತುಂಬಲು ಹತ್ತೊಂಬತ್ತು ದಿನ ಇತ್ತು. ರಜೆಗೆ ಗೆಳೆಯನ ಕಾರಿನಲ್ಲಿ ಮನೆಗೆ ಬರುತ್ತಿದ್ದ. ಡೆಸರ್ಟ್ ರೋಡ್ ಅನ್ನುವ ಬೆಟ್ಟದ ಹೆದ್ದಾರಿಯಲ್ಲಿ ಹಿಮ ಗಟ್ಟಿಯಾಗಿ ಕೂತಿತ್ತು, ಕಾರು ಜಾರಿತು. ಗೆಳೆಯ ಉಳಿದ. ಇದರಲ್ಲಿ ಯಾರ ತಪ್ಪೂ ಇರಲಿಲ್ಲ, ಸೈನ್ಯದ್ದೂ ಇಲ್ಲ, ಆ ಗೆಳೆಯನದ್ದೂ ಇಲ್ಲ. ಶನಿವಾರ ಬೆಳಿಗ್ಗೆ ಪೊಲೀಸಿನವರು ಬಾಗಿಲಿಗೆ ಬಂದಾಗ ಅಮ್ಮ ಅವನಿಗಾಗಿ ದೋಸೆ ಹಿಟ್ಟು ಕಲಸುತ್ತಿದ್ದಳು. ಬಂದವರನ್ನು ಕೂರಿಸಿದಳು, ನೀರು ಕೊಟ್ಟಳು, ಅವರು ಹೇಳಿದ್ದನ್ನು ಪೂರ್ತಿ ಕೇಳಿದಳು. ಅವರು ಹೋದ ಮೇಲೆ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಅಪ್ಪನ ಎದುರು ನಿಂತಳು. ಮಧ್ಯೆ ನಾನಿರಲಿಲ್ಲ. ನನ್ನ ಮೂಲಕ ಅಲ್ಲದೆ ಅವಳು ಅವನಿಗೆ ಆ ಮಾತು ಹೇಳಿದ್ದು ಅದೊಂದೇ ಸಲ.

"ನೀವು ಸಹಿ ಹಾಕಿ ಕಳಿಸಿದ್ರಿ."

ನಾನು ಹಜಾರದ ಬಾಗಿಲಲ್ಲಿದ್ದೆ. ಅಪ್ಪನ ಬಾಯಿ ತೆರೆಯಿತು. ಈಗ ಹೇಳುತ್ತಾನೆ, ನೀನೇ ಮೊದಲು ಹಾಕಿದ್ದೆಯಲ್ಲ ಅನ್ನುತ್ತಾನೆ, ಆಮೇಲೆ ಇಬ್ಬರೂ ತಿರುಗಿ ನನ್ನನ್ನು ನೋಡುತ್ತಾರೆ ಅಂತ ಕಾದೆ. ಅಪ್ಪ ಅವಳ ಮುಖ ನೋಡಿದ. ಏನು ಕಂಡನೋ. ತಾನೇ ಹಾಕಿದ ಸಹಿಯನ್ನು ನೆನೆಯಲೂ ಆಗದಷ್ಟು ನೊಂದಿದ್ದಾಳೆ ಅಂದುಕೊಂಡನೇನೋ. ಬಾಯಿ ಮುಚ್ಚಿಕೊಂಡು, ಹೌದು ಅನ್ನುವ ಹಾಗೆ ತಲೆಯಾಡಿಸಿದ.

ತಿಂಗಳೊಳಗೆ ಅಮ್ಮ ನನ್ನ ಹಾಸಿಗೆಯನ್ನು ಉತ್ತರದ ರೂಮಿಗೆ ಎಳೆದು ಹಾಕಿದಳು. "ಒದ್ದೇಲಿ ಮಲಗಿ ನೀನೂ ಕಾಯಿಲೆ ಬೀಳ್ಬೇಡ," ಅಂದಳು. ಆರು ವರ್ಷ ಅಲ್ಲಿ ಮಲಗಿದೆ. ಮಧ್ಯಾಹ್ನ ಬಿಸಿಲಿಗೆ ಕಾದು ಹಲಗೆಗಳು ಹಿಗ್ಗುವಾಗ ಯಾರೋ ಕುರ್ಚಿ ಸರಿಸಿದ ಸದ್ದು ಬರುತ್ತಿತ್ತು. ಹಳೆಯ ಮನೆಗಳೆಲ್ಲ ಹಾಗೇ ಅಂತ ನನಗೂ ಗೊತ್ತು. ಆದರೂ ಪ್ರತಿ ಸಲ "ಬಂದೆ" ಅನ್ನುತ್ತಿದ್ದೆ, ಬಾಯಿ ಬಿಟ್ಟೇ. ಇವತ್ತಿಗೂ ಬಿಸಿಲು ಬೀಳುವ ರೂಮಿನಲ್ಲಿ ನನಗೆ ನೆಮ್ಮದಿಯಾಗಿ ಕೂರಲಾಗುವುದಿಲ್ಲ, ಯಾರದೋ ಜಾಗದಲ್ಲಿ ಕೂತ ಹಾಗೆ ಆಗುತ್ತದೆ.

ಅಮ್ಮ ಅಪ್ಪನನ್ನು ಬಿಟ್ಟು ಹೋಗಲಿಲ್ಲ, ಬೈಯಲಿಲ್ಲ. ಅವನಿಗೆ ಬೇಕಾದ್ದನ್ನೆಲ್ಲ ಮಾಡಿ ಹಾಕಿದಳು. ಜೊತೆಯಲ್ಲಿ ಕೂತು ಊಟ ಮಾಡುವುದನ್ನು ಮಾತ್ರ ನಿಲ್ಲಿಸಿದಳು. ತಟ್ಟೆ ಇಟ್ಟು, ಬಡಿಸಿ, ಇನ್ನೊಂದು ರೂಮಿಗೆ ಹೋಗಿಬಿಡುತ್ತಿದ್ದಳು. ಅಪ್ಪ ಒಬ್ಬನೇ ಆ ಉದ್ದ ಟೇಬಲ್ಲಿನ ತುದಿಯಲ್ಲಿ ಕೂತು ಉಂಡು, ತಟ್ಟೆ ತೊಳೆದಿಟ್ಟು, "ಚೆನ್ನಾಗಿತ್ತು" ಅಂತ ಗೋಡೆಗೆ ಹೇಳಿ ಏಳುತ್ತಿದ್ದ. ವಾರ ಎರಡು ವಾರದ್ದಲ್ಲ, ಇಪ್ಪತ್ತನಾಲ್ಕು ವರ್ಷ. ನಾನು ಓದಿದೆ, ಮದುವೆಯಾದೆ, ಬಾಟನಿ ಡೌನ್ಸಿನಲ್ಲಿ ಮನೆ ಮಾಡಿದೆ, ಮಗಳು ಹುಟ್ಟಿದಳು. ಹಬ್ಬಕ್ಕೆ ನಮ್ಮನೆಗೆ ಬಂದಾಗಲೂ ಅಷ್ಟೇ, ಅವನು ಕೂತರೆ ಅಮ್ಮನಿಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. "ವೈ ಡಸ್ ತಾತ ಈಟ್ ಅಲೋನ್?" ಅಂತ ನನ್ನ ಮಗಳು ಕೇಳಿದಾಗ, "ಅವರಿಗೆ ಹಾಗೇ ಅಭ್ಯಾಸ" ಅಂದೆ. ದೂತಿಯ ಕೆಲಸ ನಾನು ಬಿಟ್ಟಿರಲಿಲ್ಲ ನೋಡಿ.

ನನಗೆ ಮೂವತ್ಮೂರಾಗಿದ್ದಾಗ ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ. ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ ಅವನೇ ತೆಗೆದ, ಎದುರಿನ ಪಿಕಪ್ ಗಾಡಿಯ ಹಿಂಬದಿ ನೋಡುತ್ತಾ.

"ಪುಟ್ಟಿ, ನಿಂಗೆ ನೆನಪಿರಬೇಕು, ಪ್ರಮೋದನ ಅರ್ಜೀಗೆ ಮೊದಲು ಸಹಿ ಹಾಕಿದ್ದು ಅಮ್ಮ. ಅವ್ಳು ಮರ್ತಿದಾಳೆ. ಮರೀಲಿ, ಪಾಪ. ನಾನು ಸತ್ತ ಮೇಲೂ ನೆನಪು ಮಾಡ್ಬೇಡ."

ದಾರಿ ತೆರೆದು ಕೊಟ್ಟಿದ್ದ. ಇಲ್ಲ ಅಪ್ಪ, ಅದು ನಾನು, ಅನ್ನಲು ಒಂದು ಉಸಿರು ಸಾಕಿತ್ತು. ಹಿಂದಿನ ಕಾರಿನವನು ಹಾರ್ನ್ ಹೊಡೆದ. ನಾನು ಗೇರ್ ಹಾಕಿ, "ಆಯ್ತಪ್ಪ" ಅಂದೆ. ನನ್ನ ಜೀವನದಲ್ಲಿ ನಾನು ಆಡಿದ ಅತಿ ಹೇಡಿತನದ ಮಾತು ಅದು. ಹನ್ನೆರಡರಲ್ಲಿ ಆಡಿದ "ಹೂಂ" ಕೂಡ ಅದರ ಮುಂದೆ ಏನೂ ಅಲ್ಲ.

ಹೋದ ವರ್ಷ ಅಪ್ಪ ತೀರಿಕೊಂಡ. ಅಮ್ಮ ನನ್ನ ಮನೆಗೆ ಬಂದಳು. ಮೊನ್ನೆ ಅವನ ವರ್ಷಾಬ್ದಿಕ. ಪುರೋಹಿತರು ಹೊರಟ ಮೇಲೆ ನಾವಿಬ್ಬರೇ ಅಡುಗೆಮನೆಯಲ್ಲಿದ್ದೆವು. ಅವನಿಗೆ ಇಷ್ಟ ಅಂತ ಅಮ್ಮ ಹೀರೇಕಾಯಿ ಬಜ್ಜಿ ಮಾಡಿದ್ದಳು. ಉಳಿದದ್ದನ್ನು ಡಬ್ಬಿಗೆ ತುಂಬುತ್ತಾ, ಯಾರಿಗೂ ಅಲ್ಲ ಅನ್ನುವ ಹಾಗೆ ಹೇಳಿದಳು.

"ಒಳ್ಳೆಯವ್ರೇ. ಅದೊಂದು ಸಹಿ ಹಾಕ್ದೆ ಇದ್ದಿದ್ರೆ."

ಅವಳಿಗೂ ಎಪ್ಪತ್ತು ದಾಟಿದೆ. ಇದನ್ನೇ ಹೊತ್ತುಕೊಂಡು ಅವಳೂ ಹೋಗಿಬಿಟ್ಟರೆ ಅಪ್ಪನ ಪರವಾದ ಮಾತು ಕೇಳಲು ಈ ಭೂಮಿಯ ಮೇಲೆ ಯಾರೂ ಇರುವುದಿಲ್ಲ ಅಂತ ಅನ್ನಿಸಿತು. ಹೇಳಿದೆ. ನಿಂತುಕೊಂಡೇ, ಡಬ್ಬಿಯ ಮುಚ್ಚಳ ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಹೇಳಿದೆ. ರೂಮಿನ ಆಸೆ, ಸಹಿ, ಹೂಂ ಅಂದದ್ದು, ಎರಡನೇ ಸಲ ಅನ್ನುವ ಮಾತನ್ನು ನುಂಗಿ ಕಾಲುಚೀಲ ತರಿಸಿದ್ದು, ಕೊನೆಗೆ ಕಾರಿನಲ್ಲಿ ಅಪ್ಪ ಹೇಳಿದ್ದು. ಅಮ್ಮ ಅಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು.

"ನಾನೇ ಹಾಕಿದ್ದು ಅಂದ್ಕೊಂಡಿದ್ರಾ ಅವ್ರು?"

"ಹೂಂ ಅಮ್ಮ."

"ಅಂದ್ಕೊಂಡೂ ಒಂದು ದಿನ ಅನ್ಲಿಲ್ಲ."

"ಇಲ್ಲ."

ಹೊರಗೆ ಯಾರದೋ ಹುಲ್ಲು ಕತ್ತರಿಸುವ ಯಂತ್ರ ಓಡುತ್ತಿತ್ತು, ಅದು ನಿಂತಿತು. ನಾನು ಅವಳ ಕಾಲ ಹತ್ತಿರ ನೆಲದ ಮೇಲೆ ಕೂತೆ. ತಲೆ ಮೇಲೆ ಕೈಯಿಡುತ್ತಾಳೆ ಅಂತ ಈ ನಲವತ್ತರ ಹತ್ತಿರದ ಹೆಂಗಸು ಕಾಯುತ್ತಿದ್ದಳು. ಕೈಯಿಟ್ಟಳು ಕೂಡ.

"ನಿಂಗೆ ಆಗ ಹನ್ನೆರಡು," ಅಂದಳು. "ಮಗು ನೀನು. ಸಹಿ ಹಾಕೋದು ಕಲಿಸಿದ್ದೂ ನಾನೇ. ಅದಕ್ಕೆ ನಾನು ನಿನ್ನ ಏನೂ ಅನ್ನಲ್ಲ. ಯಾವತ್ತೂ ಅನ್ನಲ್ಲ."

ಆಮೇಲೆ ಕೈ ತೆಗೆದುಕೊಂಡಳು.

"ಆದ್ರೆ ಆಮೇಲೆ ಇಪ್ಪತ್ತಾಯ್ತು, ಮೂವತ್ತಾಯ್ತು, ನೀನೂ ಒಂದು ಮಗು ಹೆತ್ತೆ. ಅವ್ರು ಅಲ್ಲಿ ಒಬ್ರೇ ಕೂತ್ಕೊಂಡು ಉಣ್ಣೋದನ್ನ ಕಣ್ಣಾರೆ ನೋಡ್ತಿದ್ಯಲ್ಲೇ. ಅದಕ್ಕೆ ನಾನೇನು ಹೇಳ್ಲಿ, ನೀನೇ ಹೇಳು."